ರೊಸ್ವಿತಾ ಅವರು ಏಳುವ ಪ್ರಶ್ನೆ

ಒಂಬತ್ತನೆಯ ಸಿಂಫನಿಯಲ್ಲಿ ಹಾಡುವವರ ಕೆಲಸ ಬಹುಪಾಲು ಹಾಡದೆ ಕೂತಿರುವುದು. ವಾದ್ಯದವರು ಮೊದಲ ಮೂರು ಭಾಗಗಳನ್ನು ಮುಕ್ಕಾಲು ಗಂಟೆ ನುಡಿಸುತ್ತಾರೆ. ಅವರ ಬೆನ್ನ ಹಿಂದೆ, ಒರಗಲು ಏನೂ ಇಲ್ಲದ ಮರದ ಬೆಂಚುಗಳ ಮೇಲೆ, ಕಪ್ಪು ಬಟ್ಟೆ ತೊಟ್ಟ ನಾವು ಎಂಬತ್ತು ಜನ ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು ಕೂತಿರುತ್ತೇವೆ. ಕೆಮ್ಮುವಂತಿಲ್ಲ, ಮೂಗು ಕೆರೆದುಕೊಳ್ಳುವಂತಿಲ್ಲ. ನಾಲ್ಕನೆಯ ಭಾಗ ಬಂದಾಗ ಎದ್ದು ಸಂತೋಷದ ಹಾಡು ಹಾಡಬೇಕು.

ನಾನು ಮೂರನೆಯ ಭಾಗದಲ್ಲಿ ನಿದ್ದೆ ಹೋಗುತ್ತಿದ್ದೆ. ಅದು ನಿಧಾನದ ಭಾಗ, ಇಡೀ ದಿನ ಕನ್ನಡಕ ಮಾರಿ ಬಂದವನ ಮೇಲೆ ಅದಕ್ಕೆ ವಿಶೇಷ ಅಧಿಕಾರ. ಇಂಥವನನ್ನು ಮೇಳದಲ್ಲಿ ಯಾಕೆ ಇಟ್ಟುಕೊಂಡರು ಎಂದು ನೀವು ಕೇಳಬಹುದು. ನಾನು ಟೆನರ್. ಗಂಡಸರಲ್ಲಿ ಎತ್ತರದ ದನಿಯವರು ಜರ್ಮನಿಯ ಗಡಿಯ ನಮ್ಮ ಗೋರ್ಲಿಟ್ಸ್ ಊರಿನಲ್ಲಿ ಮಾತ್ರವಲ್ಲ, ನದಿಯಾಚೆ ಪೋಲೆಂಡಿನಲ್ಲೂ ಸಿಗುವುದಿಲ್ಲ. ಟೆನರ್ ಎಂದು ಹೇಳಿಕೊಳ್ಳುವವನು ಉಸಿರಾಡುತ್ತಿದ್ದರೆ ಸಾಕು, ಯಾವ ಮೇಳವೂ ಅವನನ್ನು ಬಿಡುವುದಿಲ್ಲ.

ನನ್ನನ್ನು ಎಬ್ಬಿಸುತ್ತಿದ್ದವರು ರೊಸ್ವಿತಾ ನೋವಾಕ್. ಆಲ್ಟೊ ಸಾಲಿನ, ಅಂದರೆ ತಗ್ಗು ದನಿಯ ಹೆಂಗಸರ ಸಾಲಿನ, ಕೊನೆಯವರು ಅವರು. ಟೆನರ್ ಸಾಲಿನ ಮೊದಲನೆಯವನು ನಾನು. ನಾಲ್ಕನೆಯ ಭಾಗ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಅವರ ಮೊಣಕೈ ನನ್ನ ಪಕ್ಕೆಗೆ ಬರುತ್ತಿತ್ತು. ಬೇರೆ ಏನೂ ಇಲ್ಲ, ಒಂದು ತಿವಿತ, ಮುಂದೆ ನೋಡುತ್ತಲೇ. ಮೂವತ್ತೈದು ವರ್ಷ ಟ್ರಾಮ್ ಓಡಿಸಿದವರ ಮೊಣಕೈ ಅದು.

ಇಪ್ಪತ್ತರ ವಯಸ್ಸಿನಲ್ಲಿ ಟ್ರಾಮಿಗೆ ಸೇರಿದರು. ಆಗಿನ ಗಾಡಿಗಳಲ್ಲಿ ಕಾಲಿನಿಂದ ಒತ್ತುವ ಬ್ರೇಕು ಕಲ್ಲಿನಷ್ಟು ಗಟ್ಟಿ. ಬಲ ಮಂಡಿ ಹೋದದ್ದು ಅದರಿಂದಲೇ ಎಂದು ಅವರು ಹೇಳುತ್ತಾರೆ, ಗಸಗಸೆ ಕೇಕಿನಿಂದ ಎಂದು ಡಾಕ್ಟರು ಹೇಳುತ್ತಾರೆ. ಗಂಡ ಗುಂಟರ್, ಎರಡು ಜರ್ಮನಿಗಳ ನಡುವಿನ ಗೋಡೆ ಬಿದ್ದ ವರ್ಷ ನವೆಂಬರಿನಲ್ಲಿ ಪಶ್ಚಿಮ ಜರ್ಮನಿ ಹೇಗಿದೆ ಅಂತ ನೋಡಿಕೊಂಡು ಬರುತ್ತೇನೆ ಎಂದು ಹೊರಟ. "ಇನ್ನೂ ನೋಡ್ತಾನೇ ಇದಾನೆ," ಎನ್ನುತ್ತಾರೆ ರೊಸ್ವಿತಾ. ನಮ್ಮ ಮೇಳ ಒಂಬತ್ತನೆಯದನ್ನು ಹಾಡುವುದು ಪ್ರತಿ ವರ್ಷದ ಕೊನೆಯ ದಿನ. ಆ ಡಿಸೆಂಬರ್ ಮೂವತ್ತೊಂದರಂದೂ ಅವರು ಹಾಡಿದರು. ಅದಕ್ಕೂ ಮೊದಲಿನ ವರ್ಷಗಳಲ್ಲಿ, ಪಾಳಿ ಮುಗಿಸಿ, ಯೂನಿಫಾರ್ಮಿನ ಮೇಲೆಯೇ ಕಪ್ಪು ಲಂಗ ಏರಿಸಿಕೊಂಡು ಬಂದು ಹಾಡಿದ್ದಾರೆ. ಒಂದು ವರ್ಷವೂ ತಪ್ಪಿಸಿದವರಲ್ಲ. "ಅದನ್ನ ಹಾಡ್ದೆ ಇದ್ರೆ ನನಗೆ ವರ್ಷ ಮುಗಿಯಲ್ಲ. ಹಳೇದೇ ಮುಂದುವರೀತಾ ಇರತ್ತೆ," ಎಂದು ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದ್ದರು. ಅವರದು ಮೇಲಿನ ಮನೆ, ನನ್ನದು ಕೆಳಗಿನದು.

ಮೊನ್ನೆ ಶರತ್ಕಾಲದಲ್ಲಿ ನಮ್ಮ ಮೇಳ ನಡೆಸಲು ಹೊಸಬರು ಬಂದರು. ಫಾಲ್ಕ್ ಲೆಸ್ಕೆ, ಮೂವತ್ತು ದಾಟಿದ್ದರೋ ಇಲ್ಲವೋ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಹಾಯಾಗಿರಬಹುದಿತ್ತು. ಹಳೆಯ ಗುರುಗಳ ಕಾಲದಲ್ಲಿ ನಾವು ಏಳುತ್ತಿದ್ದದ್ದು ನಿಲ್ದಾಣದಲ್ಲಿ ಟ್ರಾಮ್ ಕಂಡ ಪ್ರಯಾಣಿಕರ ಹಾಗೆ, ಒಬ್ಬೊಬ್ಬರಾಗಿ, ಬೆಂಚು ಕಿರುಗುಟ್ಟಿಸಿಕೊಂಡು, ಪಕ್ಕದವರನ್ನು ಹಿಡಿದುಕೊಂಡು. ಲೆಸ್ಕೆ ಮೊದಲ ವಾರವೇ ಹಾಡಿನ ಹಾಳೆಗಳನ್ನು ಮುಚ್ಚಿಸಿದರು.

"ಇವತ್ತು ಹಾಡೋದು ಬೇಡ. ಏಳೋದು ಕಲಿಯೋಣ."

"ನಲವತ್ತು ವರ್ಷ ಬೆಳಗಿನ ಜಾವ ಎರಡಕ್ಕೆ ಎದ್ದು ಬೇಕರಿಯಲ್ಲಿ ಬ್ರೆಡ್ ಸುಟ್ಟವನು ನಾನು," ಎಂದು ನನ್ನ ಹಿಂದಿನ, ತಗ್ಗು ದನಿಯ ಗಂಡಸರ ಬೇಸ್ ಸಾಲಿನಿಂದ ಹಾರ್ಟ್‌ವಿಗ್ ಗೊಣಗಿದ. "ನನಗೆ ಏಳೋದು ಕಲಿಸ್ತಾನಂತೆ."

ಲೆಸ್ಕೆಗೆ ಅದು ಕೇಳಿಸಿತು, ನಕ್ಕರು, ಆದರೆ ಬಿಡಲಿಲ್ಲ. ತಮ್ಮ ಎಡಗೈ ಮೇಲೆ ಹೋದ ಕ್ಷಣ ಎಂಬತ್ತು ಜನವೂ ಒಬ್ಬರ ಹಾಗೆ ಏಳಬೇಕು. ಕೈ ಊರಬಾರದು, ಯಾರನ್ನೂ ಹಿಡಿಯಬಾರದು, ಬೆಂಚು ಸದ್ದು ಮಾಡಬಾರದು. "ಮುಕ್ಕಾಲು ಗಂಟೆ ಕಲ್ಲಿನ ಹಾಗೆ ಕೂತಿದ್ದ ಊರು ಒಟ್ಟಿಗೆ ಎದ್ದು ನಿಂತಿತು ಅಂತ ಜನಕ್ಕೆ ಅನ್ನಿಸ್ಬೇಕು. ಯಾರಿಗೆ ಆಗಲ್ವೋ ಅವರು ಈ ವರ್ಷ ವೇದಿಕೆ ಮೇಲೆ ಬೇಡ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

ಕೈ ಮೇಲೆ ಹೋಯಿತು. ರೊಸ್ವಿತಾ ನನ್ನ ಭುಜದ ಮೇಲೆ ಎರಡೂ ಕೈ ಊರಿ ಎದ್ದರು. ಹೀಗಾಗಿ ಅವರು ಎದ್ದರು, ನಾನು ಕೂತೆ. ಬೆಂಚು ಹಂದಿ ಕಿರುಚಿದ ಹಾಗೆ ಕಿರುಚಿತು.

ತಾಲೀಮು ಮುಗಿದ ಮೇಲೆ ಲೆಸ್ಕೆ ತಾವೇ ಹತ್ತಿರ ಬಂದರು. "ರೊಸ್ವಿತಾ ಅವರೇ, ಈ ಸಲ ನೀವು ಕೆಳಗೆ ಕೂತು ಕೇಳಿ. ಮುಂದಿನ ಸಾಲಿನಲ್ಲಿ ಒಳ್ಳೆ ಜಾಗ ಇಡಿಸ್ತೀನಿ."

"ಒಳ್ಳೆ ಜಾಗ ನನ್ನ ಹತ್ರ ಇದೆ. ಈ ಎಕಾರ್ಟ್ ಪಕ್ಕದಲ್ಲಿ," ಎಂದು ನನ್ನ ಕಡೆ ಕೈ ತೋರಿಸಿದರು.

"ಹಾಗಾದ್ರೆ ಮೂರು ಭಾಗ ಒಳಗಿನ ಕೋಣೇಲಿ ಇರಿ. ನಾಲ್ಕನೇದಕ್ಕೆ ಪಕ್ಕದ ಬಾಗಿಲಿನಿಂದ ಮೆಲ್ಲಗೆ ಬನ್ನಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತಲ್ಲ," ಎಂದರು ರೊಸ್ವಿತಾ. "ನಾಲ್ಕನೇದು ಶುರುವಾದಾಗ ವಾದ್ಯದವರು ಏನು ಮಾಡ್ತಾರೆ? ಮೊದಲನೇದನ್ನ ಸ್ವಲ್ಪ ನುಡಿಸ್ತಾರೆ, ಇದು ಬೇಡ ಅಂತಾರೆ. ಎರಡನೇದು, ಬೇಡ. ಮೂರನೇದು, ಅಷ್ಟು ಚೆನ್ನಾಗಿದೆ, ಅದೂ ಬೇಡ. ಆಮೇಲೆ ತಾನೇ ನಮ್ಮನ್ನ ಕರೆಯೋದು? ಆ ಮೂರನ್ನೂ ಅನುಭವಿಸ್ದೆ, ಒಳಗೆ ಕಾಫಿ ಕುಡಿದು ಬಂದು, ಸಂತೋಷ ಅಂತ ಯಾವ ಬಾಯಲ್ಲಿ ಹಾಡ್ಲಿ?"

ಲೆಸ್ಕೆ ತಲೆದೂಗಿದರು. ಆದರೆ ನಿಯಮ ನಿಯಮವೇ ಆಗಿ ಉಳಿಯಿತು.

ಅಂದು ಬಿಯರ್ ಕುಡಿಯಲು ಕೂತಾಗ ಹಾರ್ಟ್‌ವಿಗ್ ರೊಸ್ವಿತಾರಿಗೆ ಇನ್ನೊಂದು ದಾರಿ ತೋರಿಸಿದ. ಅವನಿಗೆ ಒಂಬತ್ತನೆಯದಕ್ಕಿಂತ ವಿಯೆನ್ನಾದ ಇನ್ನೊಬ್ಬ ಸಂಗೀತಗಾರರ ಎರಡನೆಯ ಸಿಂಫನಿಯೇ ಇಷ್ಟ, ಅದರಲ್ಲಿ ಸತ್ತವರೆಲ್ಲ ಏಳುತ್ತಾರೆ. "ಅದರಲ್ಲಿ ಮೇಳ ಶುರು ಮಾಡೋದು ಕೂತ್ಕೊಂಡೇ, ಪಿಸುಗುಟ್ಟಿದ ಹಾಗೆ. ನೀನು ಅದಕ್ಕೆ ಸೇರ್ಕೊ ರೊಸ್ವಿತಾ. ಸತ್ತವರು ಏಳ್ತಾರೆ, ನೀನು ಕೂತಿರ್ಬಹುದು."

"ನೀನು ಏಳುವಾಗ ನಿನ್ನ ಸೊಂಟ ಮಾಡೋ ಸದ್ದು ನನಗೆ ಕೇಳಿಸತ್ತೆ, ಹಾರ್ಟ್‌ವಿಗ್. ಬಾಯಿ ಮುಚ್ಕೊಂಡು ಕುಡಿ."

ಹಾರ್ಟ್‌ವಿಗ್ ಗ್ಲಾಸಿಗೆ ಬಾಯಿಟ್ಟ. ಅವನ ಸೊಂಟದಲ್ಲಿ ಲೋಹದ ಕೀಲು ಹಾಕಿಸಿದ್ದು ಲೆಸ್ಕೆಗೆ ಗೊತ್ತಿರಲಿಲ್ಲ.

ಮರುದಿನದಿಂದ ನನ್ನ ಮನೆಯ ಸೂರು ಮಾತಾಡತೊಡಗಿತು. ಧಬ್. ಸ್ವಲ್ಪ ಹೊತ್ತು ಬಿಟ್ಟು, ಧಬ್. ದೀಪದ ಗಾಜು ಅಲ್ಲಾಡುತ್ತಿತ್ತು. ಮೂರು ದಿನ ಸಹಿಸಿ, ದೂರು ಕೊಡಲು ಮೇಲೆ ಹೋದೆ. ಅಡಿಗೆಮನೆಯ ಸ್ಟೂಲಿನಿಂದ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಏಳುವ ಪ್ರಯತ್ನ ನಡೆದಿತ್ತು. ಅರ್ಧ ಎದ್ದು, ಮಂಡಿ ಕೈಕೊಟ್ಟು, ಮತ್ತೆ ಸ್ಟೂಲಿನ ಮೇಲೆ ಧಬ್. ಮುಖ ಕೆಂಪಾಗಿತ್ತು.

"ದೂರಾ?" ಎಂದರು.

"ಅಲ್ಲ, ಸುಮ್ನೆ ಬಂದೆ," ಎಂದೆ. ನನ್ನ ಧೈರ್ಯ ಯಾವಾಗಲೂ ಮೆಟ್ಟಿಲಿನವರೆಗೆ ಮಾತ್ರ.

"ಸುಮ್ನೆ ಬಂದಿದ್ರೆ ಎಡಗೈ ಎತ್ತು. ಲೆಸ್ಕೆ ಎತ್ತೋ ಹಾಗೆ."

ಹೀಗೆ ನಾನು ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಎಡಗೈ ಎತ್ತುವವನಾದೆ. ಕೂಲಿಗೆ ಹಾಲು ಗಸಗಸೆಯಲ್ಲಿ ನೆನೆಸಿದ ಬ್ರೆಡ್ ಸಿಗುತ್ತಿತ್ತು. ಡಾಕ್ಟರು ಮಂಡಿಯ ಆಪರೇಷನ್ ನವೆಂಬರಿನಲ್ಲೇ ಮಾಡೋಣ ಎಂದಿದ್ದರಂತೆ, ಇವರು ಜನವರಿ ಎಂದಿದ್ದರು. ಅವರ ತೊಡೆ ಗಟ್ಟಿಯಾಗುತ್ತಾ ಹೋಯಿತು, ನನ್ನ ಹೊಟ್ಟೆ ಬೆಳೆಯುತ್ತಾ ಹೋಯಿತು. ಮಂಡಿ ಮಾತ್ರ ಇದ್ದ ಹಾಗೇ ಇತ್ತು.

ಕ್ರಿಸ್ಮಸ್‌ಗೆ ಸ್ವಲ್ಪ ಮುಂಚೆ ಒಂದು ಸಂಜೆ ನಾನು ಬರುವಷ್ಟರಲ್ಲಿ ಅವರೇ ಶುರು ಮಾಡಿದ್ದರು. ಈ ಸಲದ ಧಬ್ ಬೇರೆ ಥರ ಇತ್ತು. ಓಡಿದೆ. ಅವರು ನೆಲದ ಮೇಲೆ, ಸ್ಟೂಲು ಪಕ್ಕಕ್ಕೆ ಉರುಳಿತ್ತು.

"ಎಬ್ಬಿಸ್ಬೇಡ," ಎಂದರು. "ಏನೂ ಮುರಿದಿಲ್ಲ. ಬಂದಿದೀಯ, ಕೂತ್ಕೊ."

ನಾನೂ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಒಲೆಯ ಕಾಲುಗಳನ್ನು ನೋಡಿದೆವು. ಅವರು ಅಳುತ್ತಾರೇನೋ ಎಂದು ನನಗೆ ಭಯ. ಅತ್ತರೆ ಏನು ಮಾಡಬೇಕೆಂದು ನನಗೆ ತಿಳಿಯದು.

"ಇದು ಏಳಲ್ಲ, ಎಕಾರ್ಟ್," ಎಂದು ಮಂಡಿಯ ಮೇಲೆ ತಟ್ಟಿದರು. "ಎಷ್ಟು ಹೇಳಿದ್ರೂ ಏಳಲ್ಲ. ಬಗ್ಗಿಸಿದ್ರೆ ಸತ್ತುಹೋಗತ್ತೆ. ಬಗ್ಗಿಸ್ದೆ ಇದ್ರೆ ಕಂಬ. ಮೊನ್ನೆ ಕೋಸು ಹೆಚ್ಚುತ್ತಾ ಒಂದು ಗಂಟೆ ನಿಂತಿದ್ದೆ, ಇದು ಒಂದು ಮಾತು ಆಡಲಿಲ್ಲ." ತಟ್ಟುತ್ತಿದ್ದ ಕೈ ಮಂಡಿಯ ಮೇಲೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿದರು. ಟ್ರಾಮಿನಲ್ಲಿ ಟಿಕೆಟಿಲ್ಲದವನನ್ನು ಕಂಡಾಗ ಈ ಮುಖ ಬರುತ್ತಿತ್ತು ಎಂದು ಕೇಳಿದ್ದೇನೆ. "ನಾನು ಏಳೋದೇ ಬೇಡ. ಕೂತ್ರೆ ತಾನೇ ಏಳೋದು?"

ಮುಂದಿನ ತಾಲೀಮಿನಲ್ಲಿ ಎಲ್ಲರೂ ಕೋಟು ಕಳಚುತ್ತಿರುವಾಗಲೇ ಅವರು ಲೆಸ್ಕೆಯ ಮುಂದೆ ಹೋಗಿ ನಿಂತರು.

"ಏಳುವಾಗ ಸದ್ದಾಗ್ಬಾರದು ಅಂದ್ರಿ. ನಾನು ಏಳಲ್ಲ. ಹಿಂದಿನ ಸಾಲಿನ ಮೂಲೇಲಿ ಮೊದಲಿನಿಂದ ನಿಂತಿರ್ತೀನಿ."

"ಮೂರು ಭಾಗವೂ?"

"ಮೂರು ಭಾಗವೂ."

"ಎಲ್ಲರೂ ಕೂತಿರುವಾಗ ಒಬ್ಬರೇ ನಿಂತಿದ್ರೆ, ರೊಸ್ವಿತಾ ಅವರೇ, ಇದ್ಯಾಕೆ ಅಂತ ಜನ ಕೇಳಲ್ವಾ?"

"ನೀವು ಚಿಕ್ಕವರು, ಗೋಡೆ ಇದ್ದಾಗ ಅಂಗಡೀಲಿ ಏನೂ ಸಿಗದ ಆ ಕಾಲ ಕಂಡಿಲ್ಲ. ಈ ಊರಲ್ಲಿ ಒಬ್ಬ ಹೆಂಗಸು ನಿಂತಿದ್ರೆ ಯಾಕೆ ಅಂತ ಯಾರೂ ಕೇಳ್ತಿರಲಿಲ್ಲ. ಹಿಂದೆ ಬಂದು ಕ್ಯೂ ನಿಲ್ತಿದ್ರು. ಕಿತ್ತಳೆ ಬಂದಿದೆಯೋ, ಬಾಳೆಹಣ್ಣೋ, ಆಮೇಲೆ ವಿಚಾರಿಸ್ತಿದ್ರು."

ಮೇಳ ನಕ್ಕಿತು, ಐವತ್ತು ದಾಟಿದವರು ಜೋರಾಗಿ. ಲೆಸ್ಕೆ ನಗಲಿಲ್ಲ, ಯೋಚಿಸಿದರು. ಕೊನೆಗೆ, ಕಾರ್ಯಕ್ರಮದ ಹಿಂದಿನ ದಿನ ವಾದ್ಯದವರೊಂದಿಗೆ ನಡುವೆ ನಿಲ್ಲಿಸದೆ ಪೂರ್ತಿ ನುಡಿಸುವ ತಾಲೀಮು ಇದೆ, ಅಲ್ಲಿ ನಿಂತು ತೋರಿಸಿ ಎಂದರು. ಒರಗಬಾರದು, ಏನನ್ನೂ ಹಿಡಿಯಬಾರದು. ನಡುವೆ ಕೂತರೆ ಮಾತು ಮುಗಿಯಿತು.

ಆ ದಿನ ಅವರು ಹಿಂದಿನ ಸಾಲಿನ ಮೂಲೆಗೆ ಹೋದರು. ನನ್ನ ಪಕ್ಕೆ ಅನಾಥವಾಯಿತು. ಮೊದಲ ಭಾಗ ಸರಾಗ ಹೋಯಿತು. ಎರಡನೆಯ ಭಾಗದ ನಗಾರಿ ಬಡಿತಗಳಿಗೆ ವೇದಿಕೆಯ ಹಲಗೆ ನಡುಗುವಾಗ ಕತ್ತು ತಿರುಗಿಸಿ ನೋಡಿದೆ. ಅವರು ತುಟಿ ಬಿಗಿದಿದ್ದರು. ಮೂರನೆಯ ಭಾಗ ಬಂತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ನಿದ್ದೆ ಬರಲಿಲ್ಲ. ಎಲ್ಲಿ ಕೂತುಬಿಡುತ್ತಾರೋ ಎಂದು ಕಿವಿಯೆಲ್ಲ ಹಿಂದಿತ್ತು. ಹಾಗೆ ಕಿವಿ ತೆರೆದಿದ್ದರಿಂದ ಆ ಭಾಗವನ್ನು ಪೂರ್ತಿ ಕೇಳಿಬಿಟ್ಟೆ. ಬಹಳ ಚೆನ್ನಾಗಿದೆ. ಯಾರೂ ನನಗೆ ಹೇಳಿರಲಿಲ್ಲ.

ಅದರ ನಡುವೆ ನನ್ನ ಹಿಂದೆ ಬಟ್ಟೆ ಸರಿದ ಸದ್ದು. ಹಾರ್ಟ್‌ವಿಗ್ ಎದ್ದಿದ್ದ. ಬೆಂಚು ಸದ್ದು ಮಾಡದಂತೆ, ಗೋಡೆ ಹಿಡಿದು, ನಿಧಾನವಾಗಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಎದ್ದು, ಹೋಗಿ ರೊಸ್ವಿತಾರ ಹಿಂದೆ ನಿಂತ. ಅಂಗಡಿಯ ಕ್ಯೂನಲ್ಲಿ ನಿಲ್ಲುವವರು ನಿಲ್ಲುವ ಹಾಗೆಯೇ, ಮುಂದಿನವರ ಬೆನ್ನು ನೋಡಿಕೊಂಡು. ಸ್ವಲ್ಪ ಹೊತ್ತಿಗೆ ಆಲ್ಟೊದ ಮುದುಕಿಯೊಬ್ಬರು ಹೋದರು. ಲೆಸ್ಕೆ ಕೋಲು ಆಡಿಸುತ್ತಲೇ ಇದನ್ನೆಲ್ಲ ನೋಡಿದರು. ನಿಲ್ಲಿಸಲಿಲ್ಲ. ನಡುವೆ ನಿಲ್ಲಿಸುವುದಿಲ್ಲ ಎಂದು ಮಾತು ಕೊಟ್ಟವರು ಅವರೇ.

ತಾಲೀಮು ಮುಗಿದ ಮೇಲೆ ಬಂದು ರೊಸ್ವಿತಾರನ್ನು ಕೇಳಿದರು, "ನೋವಿದೆಯಾ?"

"ಇದೆ."

"ನಾಳೆ ಆಗತ್ತಾ?"

"ನಾಳೆ ಆಗ್ಬೇಕು ಅಂತಲೇ ಇವತ್ತು ನಿಂತದ್ದು."

ಲೆಸ್ಕೆ ಹಾರ್ಟ್‌ವಿಗ್ ಕಡೆ ತಿರುಗಿದರು. "ನೀವು?"

"ಸೊಂಟ," ಎಂದ ಹಾರ್ಟ್‌ವಿಗ್, ಶಾಲೆಯಲ್ಲಿ ಸಿಕ್ಕಿಬಿದ್ದವನ ಹಾಗೆ.

"ಹಿಂದಿನ ಸಾಲು ನಿಂತಿರಲಿ," ಎಂದರು ಲೆಸ್ಕೆ ಎಲ್ಲರಿಗೂ ಕೇಳುವಂತೆ. "ಆದ್ರೆ ಕ್ಯೂ ನಿಲ್ಲೋದು ಬೇಡ. ಮುಖ ಜನದ ಕಡೆ ಇರಲಿ."

ಮೂವತ್ತೊಂದರ ಸಂಜೆ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಮಂಡಿ, ಸೊಂಟ ನೋಯುವ ಏಳು ಮಂದಿ ನಿಂತರು, ಅವರ ನಡುವೆ ರೊಸ್ವಿತಾ. ನಿದ್ದೆ ಬರಬಾರದೆಂದು ಎಂಟನೆಯವನಾಗಿ ನಾನೂ ಹೋಗಲು ನೋಡಿದೆ. "ನಿನ್ನ ಮಂಡಿಗೇನಾಗಿದೆ? ಹೋಗಿ ಕೂತ್ಕೊ," ಎಂದು ರೊಸ್ವಿತಾ ಅಟ್ಟಿದರು. ಕೂತೆ, ಎಚ್ಚರವಾಗಿಯೇ. ಲೆಸ್ಕೆಯ ಎಡಗೈ ಮೇಲೆ ಹೋಯಿತು, ನಾವು ಒಬ್ಬರ ಹಾಗೆ ಎದ್ದೆವು. ಒಂದೇ ಒಂದು ಬೆಂಚು ಕಿರುಗುಟ್ಟಿತು. ಅದು ಎತ್ತರದ ದನಿಯ ಸೊಪ್ರಾನೊ ಸಾಲಿನ, ಇಪ್ಪತ್ತೆರಡು ವರ್ಷದ ಹುಡುಗಿಯದು. ಆಮೇಲೆ ಹಾಡು. ನನ್ನ ದನಿ ಎಲ್ಲಿಗೆ ಹೋಯಿತೋ ನಾನು ವಿಚಾರಿಸಲಿಲ್ಲ. ಹಿಂದಿನಿಂದ ಒಂದು ತಗ್ಗು ದನಿ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳುತ್ತಿತ್ತು.

ಮುಗಿದ ಮೇಲೆ ಜಾಮ್ ತುಂಬಿದ ಬನ್ನು ಹಂಚಿದರು. ರೊಸ್ವಿತಾ ನಿಂತೇ ತಿಂದರು. ಮನೆಗೆ ಹೊರಟ ಟ್ರಾಮಿನಲ್ಲಿ ಅವರ ಹಳೆಯ ಡಿಪೋದ ಹುಡುಗಿಯೇ ಡ್ರೈವರ್, ಗುರುತು ಹಿಡಿದಳು.

"ರೊಸ್ವಿತಾ ಅವರೇ, ಅಲ್ಲಿ ಸೀಟು ಖಾಲಿ ಇದೆ, ಕೂತ್ಕೊಳ್ಳಿ."

"ಬೇಡಮ್ಮ," ಎಂದು ಕಂಬಿ ಹಿಡಿದರು. ಇಡೀ ಸಂಜೆಯಲ್ಲಿ ಆಸರೆಗೆಂದು ಅವರು ಹಿಡಿದ ಮೊದಲ ವಸ್ತು ಅದು. "ಕೂತ್ರೆ ಎಬ್ಬಿಸೋಕೆ ಲೆಸ್ಕೆ ಬರ್ಬೇಕು. ನೀನು ಬ್ರೇಕು ಮಾತ್ರ ಮೆತ್ತಗೆ ಹಾಕು."

ಖಾಲಿ ಸೀಟಿನಲ್ಲಿ ನಾನು ಕೂತೆ. ನಮ್ಮ ನಿಲ್ದಾಣ ಬಂದಾಗ ಪಕ್ಕೆಗೆ ಒಂದು ತಿವಿತ ಬಿತ್ತು.