ಫರ್ಹಾನಾ ಬಿಸಾಡದ ಚೂರು

ಹುಣಸೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಫರ್ಹಾನಾಳ ಬಳಿ ಕೆಲಸ ಕಲಿಯಲು ಬಂದ ರಾಧಾಗೆ ಮೊದಲ ವಾರ ತಲೆ ಚಿಟ್ಟು ಹಿಡಿದಿತ್ತು. ಎಡಿಟಿಂಗ್ ಅಂದರೆ ಹೂವಿನ ದಳ ಉದುರಿಸುವುದು, ಹಾಡು ಕೂರಿಸುವುದು ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ ಬರೀ ಕಾಪಿ ಮಾಡು, ಹೆಸರು ಬರಿ, ನೋಡು!

"ಅಳತೆ ತಗೊಳ್ದೆ ಕತ್ತರಿ ಮುಟ್ಬೇಡ ಕಣೆ," ಎನ್ನುವಳು ಫರ್ಹಾನಾ.

ಅವಳ ಅಪ್ಪ ಸರ್ದಾರ್ ಪಾಷಾ ಟೈಲರ್. ಗಿರಾಕಿ ಬಟ್ಟೆ ತೊಟ್ಟು ಸರಿ ಅನ್ನುವ ತನಕ ಅಂಗೈಯಗಲದ ಚೂರನ್ನೂ ಬಿಸಾಡದ ಮನುಷ್ಯ. ಒಬ್ಬೊಬ್ಬರ ಚೂರಿಗೂ ಒಂದೊಂದು ಗಂಟು. ಮಗಳು ಅದನ್ನೇ ಕಂಪ್ಯೂಟರಿಗೆ ತಂದಿದ್ದಳು. ಕ್ಯಾಮೆರಾದ ಕಾರ್ಡು ಬಂದ ಕೂಡಲೇ ಎರಡು ಕಡೆ ಕಾಪಿ. ಆಮೇಲೆ ಚಪ್ಪರ, ಅರಿಶಿನ, ಧಾರೆ, ಊಟ ಅಂತ ಶಾಸ್ತ್ರದ ಸಾಲಿನಲ್ಲೇ ಫೋಲ್ಡರ್. ಎಲ್ಲವನ್ನೂ ಒಮ್ಮೆ ನೋಡಿ ಮುಗಿಸಿದ ಮೇಲೆ ಕತ್ತರಿ. ಬೇಡವೆಂದು ತೆಗೆದದ್ದು ‘ಚೂರು’ ಎಂಬ ಫೋಲ್ಡರಿಗೆ. ಹಾಡು, ಹೂವು ಕಟ್ಟಕಡೆಗೆ.

ರಾಧಾಗೆ ಒಬ್ಬಳೇ ಮಾಡಲು ಸಿಕ್ಕ ಮೊದಲ ಮದುವೆ ವೀರನಹೊಸಹಳ್ಳಿಯ ಸುಧಾಳದು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಊಟದ ಮನೆಯ ಕ್ಲಿಪ್ಪುಗಳನ್ನು ನೋಡದೆಯೇ ಚೂರಿಗೆ ತಳ್ಳಿದಳು. ಎಲೆ, ಸಾರು, ಉಣ್ಣುವವರ ಬೆನ್ನು; ಅದರಲ್ಲೇನಿದೆ?

ವಿಡಿಯೊ ನೋಡಲು ಬಂದ ಸುಧಾ ಕಡೆಗೆ ಒಂದೇ ಮಾತು ಕೇಳಿದಳು.

"ನಮ್ಮವ್ವ ಒಂದ್ ಕಡೆನಾದ್ರೂ ಇಲ್ವೇನ್ರೀ?"

ಅವಳ ತಾಯಿ ಮಲ್ಲಾಜಮ್ಮ ಗಂಡ ಸತ್ತವಳು. ಮಗಳಿಗೆ ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ. ಮಂಟಪಕ್ಕೆ ಬರಬೇಡ ಅಂತ ಮಲ್ಲಾಜಮ್ಮನಿಗೆ ಯಾರೂ ಹೇಳಲಿಲ್ಲ, ಬಾ ಅಂತಲೂ ಕರೆಯಲಿಲ್ಲ. ಇಂಥ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ!

ಇಲ್ಲ ಎನ್ನಲು ರಾಧಾ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಫರ್ಹಾನಾ, "ಚೂರು ತೆಗಿ," ಎಂದಳು.

ಮೂವರೂ ಒಂದೊಂದೇ ಕ್ಲಿಪ್ ನೋಡುತ್ತ ಕುಳಿತರು. ಹದಿನಾಲ್ಕನೆಯದರಲ್ಲಿ ಮಲ್ಲಾಜಮ್ಮ ಸಿಕ್ಕಳು. ಊಟದ ಮನೆಯ ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದಾಳೆ. ಆಚೆ ಗಟ್ಟಿಮೇಳ ಶುರುವಾಯಿತು. ಅವಳು ಮಂಟಪದ ಕಡೆ ತಿರುಗಿ, ಎರಡೂ ಕೈಯಲ್ಲಿ ಜಗ್ಗನ್ನು ಬಾಗಿಸಿ, ನೂಲಿನಂತೆ ನೀರನ್ನು ನೆಲಕ್ಕೆ ಬಿಟ್ಟಳು. ತುಟಿ ಅಲುಗುತ್ತಿತ್ತು. ಆಮೇಲೆ ಯಾರಾದರೂ ಜಾರಿಯಾರೆಂದು ಸೆರಗಿನಿಂದ ನೆಲ ಒರೆಸಿ, ಪಂಕ್ತಿಗೆ ನೀರು ಬಡಿಸಲು ಹೋದಳು.

ಇಷ್ಟು ದೊಡ್ಡದನ್ನು ರಾಧಾ ಕಸವೆಂದು ತಳ್ಳಿದ್ದಳು. ಫರ್ಹಾನಾ ಮಂಟಪದ ಕ್ಯಾಮೆರಾ, ಊಟದ ಮನೆಯ ಕ್ಯಾಮೆರಾ ಎರಡರ ಗಟ್ಟಿಮೇಳದ ಸದ್ದನ್ನೂ ಹೊಂದಿಸಿ, ಎರಡು ದೃಶ್ಯಗಳನ್ನೂ ಅಕ್ಕಪಕ್ಕ ಇಟ್ಟಳು. ಮಂಟಪದಲ್ಲಿ ಧಾರೆಯ ಹಾಲು, ಬಾಗಿಲಲ್ಲಿ ನೀರು, ಒಂದೇ ಗಳಿಗೆಯಲ್ಲಿ ಬಿದ್ದವು. ರಾಧಾ ತನಗೇ ಗೊತ್ತಿಲ್ಲದೆ ಕೈ ಮುಗಿದಿದ್ದಳು.

ಸುಧಾ ಕಣ್ಣೊರೆಸಿಕೊಳ್ಳಲಿಲ್ಲ.

"ನಂಗೆ ಧಾರೆ ಎರ್ದಿದ್ದು ನಮ್ಮವ್ವನೇ ಕಣ್ರೀ," ಎಂದಳು.