ನಲವತ್ತೊಂದು ಗೋಲು

ಯಲ್ದೂರಿನ ಆಚೆ, ಮಾವಿನ ತೋಪುಗಳ ನಡುವಿನ ಒಂದು ಹಳ್ಳಿಯಲ್ಲಿ ಕೋದಂಡರಾಮಪ್ಪನ ಎರಡನೇ ಮಗಳಾಗಿ ಹುಟ್ಟಿದವಳು ಆಂಜಿನಮ್ಮ. ವಯಸ್ಸಿಗೆ ಮೀರಿದ ಎತ್ತರ, ಉದ್ದನೆಯ ಕೈ. ಅಪ್ಪ ಕೊಂಬೆಯಿಂದ ಬಿಟ್ಟ ಕಾಯಿಗೆ ಪೆಟ್ಟಾಗದಂತೆ ಕೆಳಗೆ ನಿಂತು ಹಿಡಿಯುವುದು ಅವಳ ಕೆಲಸ. ಶ್ರೀನಿವಾಸಪುರದ ಹೈಸ್ಕೂಲಿಗೆ ಸೇರಿದ ಮೊದಲ ವಾರವೇ ಆಟದ ಟೀಚರ್ ಶ್ಯಾಮಲಮ್ಮ ಅವಳ ಕೈ ನೋಡಿ, "ಗೋಲ್ ಮುಂದೆ ನಿಂತ್ಕೋತೀಯೇನೇ?" ಎಂದು ಕೇಳಿದರು.

ಆಟದ ಹೆಸರು ಹ್ಯಾಂಡ್‌ಬಾಲ್. ತಾಲ್ಲೂಕಿನಲ್ಲಿ ಹೆಚ್ಚಿನವರು ಆ ಹೆಸರನ್ನೇ ಕೇಳಿರಲಿಲ್ಲ. ಎರಡು ಕಡೆ ಸರ್ವೆ ಮರದ ಕಂಬ ನೆಟ್ಟು, ಸುಣ್ಣದಲ್ಲಿ ಗೆರೆ ಎಳೆದು ಹುಡುಗಿಯರು ಆಡುತ್ತಿದ್ದರು. ಆಂಜಿನಮ್ಮ ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ದೇಶದ ತಂಡಕ್ಕೆ ಆಯ್ಕೆಯಾಗಿದ್ದಾಳೆಂದು ಕಾಗದ ಬಂತು. ಪಂದ್ಯ ಹೊರದೇಶದಲ್ಲಿ.

ಅವಳ ತಾಯಿ ಮುನಿಯಲ್ಲಮ್ಮ ಅತ್ತಳು. ಕೋದಂಡರಾಮಪ್ಪ ಮಾತ್ರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಯಲ್ದೂರಿನಿಂದ ಮುಳಬಾಗಿಲಿನವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ನಮ್ಮುಡುಗಿ ಇಂಡಿಯಾಕ್ಕೆ ಆಡ್ತಾಳೆ. ಗೆದ್ದೇ ಬರ್ತಾಳೆ, ನೋಡ್ತಾ ಇರು."

ಹೋದ ಕಡೆ ಮರದ ಹಲಗೆ ಹಾಸಿದ, ಛಾವಣಿ ಇರುವ ಅಂಗಳ. ಮಣ್ಣಿನ ಮೇಲೆ ಬೆಳೆದ ಹುಡುಗಿಯರ ಕ್ಯಾನ್ವಾಸ್ ಬೂಟು ಅಲ್ಲಿ ಜಾರುತ್ತಿತ್ತು. ಎದುರಿನವರು ಬೆರಳಿಗೆ ಅಂಟು ಹಚ್ಚಿಕೊಂಡು, ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು, ಗಾಳಿಯಲ್ಲಿ ನೆಗೆದು ಎಸೆಯುತ್ತಿದ್ದರು. ಆಂಜಿನಮ್ಮನಿಗೆ ಎಷ್ಟೋ ಸಲ ಚೆಂಡು ಕಾಣಲೇ ಇಲ್ಲ, ಬೆನ್ನ ಹಿಂದೆ ಬಲೆ ಅಲುಗಿದ್ದಷ್ಟೇ ಕೇಳಿಸಿತು. ಆಡಿದ ಐದು ಪಂದ್ಯವನ್ನೂ ಸೋತರು. ಮೂರನೆಯದರಲ್ಲಿ ಅವಳನ್ನು ದಾಟಿ ಹೋದದ್ದು ನಲವತ್ತೊಂದು ಗೋಲು. ತಂಡ ಹೊಡೆದದ್ದು ನಾಲ್ಕು. ಅದೇ ಪಂದ್ಯದಲ್ಲಿ ಬಲಗೈಯ ಉಂಗುರದ ಬೆರಳು ಮುರಿಯಿತು. ತಂಡಕ್ಕೆ ಇದ್ದ ಇನ್ನೊಬ್ಬ ಗೋಲ್‌ಕೀಪರಿಗೆ ಜ್ವರ. ಬಟ್ಟೆ ಸುತ್ತಿಕೊಂಡು ಉಳಿದೆರಡು ಪಂದ್ಯ ನಿಂತಳು.

ಮನೆಗೆ ಬರೆದ ಕಾಗದದಲ್ಲಿ, "ಎಲ್ಲರೂ ಚೆನ್ನಾಗಿದ್ದೇವೆ. ಆಟ ಮುಗಿಯಿತು" ಎಂದಷ್ಟೇ ಇತ್ತು.

ಅಷ್ಟರಲ್ಲಿ ಊರಿನಲ್ಲಿ 'ಗೆದ್ದೇ ಬರ್ತಾಳೆ' ಅನ್ನುವ ಮಾತು 'ಗೆದ್ದಳಂತೆ' ಎಂದಾಗಿತ್ತು. ಬಸ್ಸಿನಿಂದ ಇಳಿಯುತ್ತಲೇ ತಮಟೆ, ಹಾರ. ಅರಳಿಕಟ್ಟೆಯ ಪಕ್ಕ ಶಾಮಿಯಾನ ಹಾಕಿಸಿ, ಯುವಕ ಸಂಘದ ಶ್ರೀನಿವಾಸಪ್ಪ ಮೈಕು ಹಿಡಿದು ನಿಂತಿದ್ದ. "ಐದು ದೇಶಗಳನ್ನ ಮಣ್ಣು ಮುಕ್ಕಿಸಿ ಬಂದಿರೋ ನಮ್ಮೂರ ಹೆಣ್ಣುಮಗಳು!" ಎಂದ. ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಪ್ಪ, ಪಕ್ಕದಲ್ಲಿ ಶ್ಯಾಮಲಮ್ಮ ಟೀಚರ್. ಟೀಚರಿಗೆ ನಿಜ ಗೊತ್ತಿತ್ತು. ಅವರು ತಲೆ ಬಗ್ಗಿಸಿದ್ದರು.

ಬಾತುಕೊಂಡ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಂಜಿನಮ್ಮ ಮೈಕಿನ ಮುಂದೆ ಬಂದಳು. ನಮಸ್ಕಾರ ಹೇಳಿ ಕೂತಿದ್ದರೆ ಆಗುತ್ತಿತ್ತು. ಆದರೆ ಹಾರದ ಭಾರಕ್ಕೆ ಅವಳಿಗೆ ಉಸಿರು ಕಟ್ಟಿದಂತಾಯಿತು.

"ನಾವು ಗೆಲ್ಲಲಿಲ್ಲ. ಐದಕ್ಕೈದೂ ಸೋತ್ವಿ. ಒಂದರಲ್ಲಿ ನಲವತ್ತೊಂದು ಗೋಲು ಬಿಟ್ಟೆ."

ಯಾರೋ ಹಿಂದಿನಿಂದ ನಕ್ಕರು. ಶ್ರೀನಿವಾಸಪ್ಪ ಮೈಕು ಕಿತ್ತುಕೊಂಡು ಏನೋ ಸಮಾಧಾನದ ಮಾತಾಡಿದ. ಕೋದಂಡರಾಮಪ್ಪ ಎದ್ದು, ಟವೆಲ್ ಒದರಿ, ಯಾರ ಕಡೆಯೂ ನೋಡದೆ ತೋಪಿನ ದಾರಿ ಹಿಡಿದ.

ಆಮೇಲೆ ಅವನು ಮಗಳೊಂದಿಗೆ ಮಾತು ಬಿಟ್ಟ. ಅವನು ಸಂತೆಗೆ ಹೋದರೆ ಜನ, "ಏನಪ್ಪಾ ನಲವತ್ತೊಂದು!" ಎಂದು ಕರೆಯುತ್ತಾರೆಂದು ಮುನಿಯಲ್ಲಮ್ಮ ಬೈದಳು: "ನಿನ್ನ ಬಾಯಿಗೆ ಏನ್ ಬಂದಿತ್ತೇ? ಸುಮ್ನೆ ಇದ್ದಿದ್ರೆ ಯಾರು ಕೇಳ್ತಿದ್ರು?"

ಶ್ಯಾಮಲಮ್ಮ ಒಂದು ಭಾನುವಾರ ಮನೆಗೆ ಬಂದರು. "ನೀನು ಹೇಳಿದ್ದು ತಪ್ಪಲ್ಲ ಕಣೇ. ಆದ್ರೆ ನಾಲ್ಕು ಹುಡುಗೀರನ್ನ ಅಪ್ಪ ಅಮ್ಮ ಆಟ ಬಿಡಿಸಿದ್ರು. ಸೋಲೋಕೆ ಯಾಕೆ ಚಡ್ಡಿ ಹಾಕ್ಕೊಂಡು ಓಡ್ಬೇಕು ಅಂತಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಆಂಜಿನಮ್ಮನಿಗೆ ಸುಲಭವಾಗುತ್ತಿತ್ತು. ಆ ನಾಲ್ವರನ್ನೂ ಅವಳೇ ಕೈಹಿಡಿದು ಮೈದಾನಕ್ಕೆ ಕರೆತಂದಿದ್ದಳು.

ಬೆರಳು ಕೂಡಿಕೊಂಡಿತು, ಸೊಟ್ಟಗೆ. ಮರುವರ್ಷ ಶಿಬಿರಕ್ಕೆ ಕರೆಯುವ ಕಾಗದ ಬರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ, ಮಗಳು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ಸೊಟ್ಟ ಬೆರಳಿಗೆ ಕುಡುಗೋಲು ಸರಿಯಾಗಿ ಸಿಗದೆ ಅವಳ ಕೈ ಜಾರಿತು. ಕೋದಂಡರಾಮಪ್ಪ ಕುಡುಗೋಲು ಇಸಿದುಕೊಂಡು ಆ ಬೆರಳನ್ನು ತಿರುಗಿಸಿ ನೋಡಿದ. ತಿಂಗಳುಗಳ ನಂತರ ಬಾಯಿ ಬಿಟ್ಟ.

"ಇದು ಅಲ್ಲೇ ಆಗಿದ್ದಾ?"

"ಹೂಂ. ಮೂರನೇ ಆಟದಲ್ಲಿ."

"ಆಮೇಲೂ ಆಡ್ದ್ಯಾ?"

"ಎರಡು ಆಡ್ದೆ."

ಅವನು ಸೊಪ್ಪಿನ ಸಾಲಿನತ್ತ ನೋಡುತ್ತ ನಿಂತ. "ಎಷ್ಟು ತಡೆದೆಮ್ಮಾ?"

ಬಿಟ್ಟ ಗೋಲು ಪ್ರತಿಯೊಂದೂ ಅವಳಿಗೆ ನೆನಪಿತ್ತು. ತಡೆದದ್ದನ್ನು ಅಲ್ಲಿಯೂ ಇಲ್ಲಿಯೂ ಯಾರೂ ಕೇಳಿರಲಿಲ್ಲ; ಅವಳೂ ಎಣಿಸಿರಲಿಲ್ಲ. "ಗೊತ್ತಿಲ್ಲಪ್ಪಾ" ಎಂದಳು. ಅವನು "ಪೋನೀಲೇ, ಹೋಗ್ಲಿ ಬಿಡು" ಎಂದು, ಅವಳ ಸಾಲನ್ನೂ ತಾನೇ ಕೊಯ್ಯತೊಡಗಿದ.

ಮಾತು ಮತ್ತೆ ಶುರುವಾಯಿತು. ಆದರೆ ಆ ಪಂದ್ಯದ ವಿಷಯ ಅವನು ಯಾರಿಗೂ ಹೇಳಲಿಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ. ಆಂಜಿನಮ್ಮ ವ್ಯಾಯಾಮ ಶಿಕ್ಷಕಿಯ ತರಬೇತಿಗೆ ಅರ್ಜಿ ಹಾಕಿದಳು, ಸೀಟು ಸಿಕ್ಕಿತು. ಎಂಬತ್ತೊಂಬತ್ತರಲ್ಲಿ ಮುಳಬಾಗಿಲಿನ ಹತ್ತಿರದ ಒಂದು ಶಾಲೆಗೆ ಕೆಲಸಕ್ಕೆ ಸೇರಿ, ಮೊದಲ ಶನಿವಾರವೇ ಸುಣ್ಣದ ಗೆರೆ ಎಳೆಸಿದಳು. ಮೂವರು ಹುಡುಗಿಯರು ಬಂದರು. ಒಬ್ಬಳ ತಾಯಿ ದೊಡ್ಡಗಂಗಮ್ಮ ಜೊತೆಗೇ ಬಂದು ಕಲ್ಲಿನ ಮೇಲೆ ಕೂತು, "ಇದರಲ್ಲಿ ಗೆಲ್ತಾರಾ ಟೀಚರ್?" ಎಂದು ಕೇಳಿದಳು.

"ಬೇಗ ಗೆಲ್ಲಲ್ಲಮ್ಮಾ" ಎಂದಳು ಆಂಜಿನಮ್ಮ.

ದೊಡ್ಡಗಂಗಮ್ಮ ಮಗಳನ್ನು ಕರೆದುಕೊಂಡು ಹೋಗಲಿಲ್ಲ. ಒಪ್ಪಿದಂತೆಯೂ ಕಾಣಲಿಲ್ಲ.