ಎರಡು ತಟ್ಟೆ ವೀಳ್ಯ

ಆ ವರ್ಷ ಚೆಸ್‌ನ ರಾಷ್ಟ್ರೀಯ ಸಂಸ್ಥೆಗೆ ಇಬ್ಬರು ಅಧ್ಯಕ್ಷರಿದ್ದರು. ಚುನಾವಣೆಯಲ್ಲಿ ತಾನೇ ಗೆದ್ದೆ ಎನ್ನುವವರು ಒಬ್ಬರು, ಅಂಥ ಚುನಾವಣೆಯೇ ನಡೆದಿಲ್ಲ ಎಂದು ನ್ಯಾಯಾಲಯಕ್ಕೆ ಹೋದವರು ಇನ್ನೊಬ್ಬರು. ಮೇಲೆ ಬಿದ್ದ ಬಿರುಕು ರಾಜ್ಯ ಸಂಸ್ಥೆಗೆ ಇಳಿದು ಅದೂ ಎರಡಾಯಿತು. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಜಗಳ ಸಕಲೇಶಪುರದ ಕಡೆಯ ಹಾನುಬಾಳಿಗೂ ಬಂದು ಮುಟ್ಟಿತು.

ನಾನು ಆಲೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ರಜೆಯ ದಿನಗಳಲ್ಲಿ ಚೆಸ್ ಪಂದ್ಯಗಳಿಗೆ ತೀರ್ಪುಗಾರ್ತಿಯಾಗಿ ಹೋಗುತ್ತಿದ್ದೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದೆನಾದರೂ ಆಡುವುದಕ್ಕಿಂತ ಮೇಜುಗಳ ನಡುವೆ ಸದ್ದಿಲ್ಲದೆ ನಡೆಯುವುದು ನನಗೆ ಹೆಚ್ಚು ಒಗ್ಗಿತ್ತು. ತೀರ್ಪುಗಾರ್ತಿಯನ್ನು ಯಾರೂ ಸುಮ್ಮನೆ ಮಾತಿಗೆಳೆಯುವುದಿಲ್ಲ. ತಕರಾರು ಬಂದಾಗ ಕೈ ಎತ್ತಿ ಕರೆಯುತ್ತಾರೆ. ಆಗಲೂ ನಿಯಮವನ್ನಷ್ಟೇ ಹೇಳಿ ಹಿಂದೆ ಸರಿಯಬಹುದು.

ಹಾನುಬಾಳಿನ ಸಭಾಭವನದಲ್ಲಿ ನಡೆಯಬೇಕಿದ್ದದ್ದು ಬಾಲಕಿಯರ ಜಿಲ್ಲಾ ಆಯ್ಕೆ ಪಂದ್ಯ. ಗೆದ್ದವಳಿಗೆ ರಾಜ್ಯಮಟ್ಟದಲ್ಲಿ ಆಡುವ ಅವಕಾಶ. ಸಂಚಾಲಕರು ಅಲ್ಲಿಯ ಎಸ್ಟೇಟ್ ಮಾಲೀಕರೊಬ್ಬರು. ಮಕ್ಕಳು ಚೆಸ್ ಆಡುವುದನ್ನು ನೋಡಲು ಅವರಿಗೆ ಇಷ್ಟ, ಆದರೆ ಮೊದಲು ನಡೆಸುವುದು ಕಪ್ಪೋ ಬಿಳಿಯೋ ಎಂದು ಪ್ರತಿ ವರ್ಷ ನನ್ನನ್ನು ಕೇಳುತ್ತಿದ್ದರು. ರಾಜ್ಯದ ಎರಡೂ ಬಣಗಳ ಕಾರ್ಯದರ್ಶಿಗಳು ಅವರಿಗೆ ಫೋನ್ ಮಾಡಿ, ಉದ್ಘಾಟನೆಗೆ ತಾವೇ ಬರುವುದಾಗಿ ಹೇಳಿದ್ದರು.

"ಇಬ್ರೂ ಬರ್ಲಿ ಬುಡಮ್ಮ," ಎಂದರು ಸಂಚಾಲಕರು. "ಅಣ್ಣತಮ್ಮಂದ್ರು ಕಿತ್ತಾಡ್ಕಂಡಿರೋ ಮನೇಲಿ ಮದ್ವೆ ನಡೆಯಕಿಲ್ವಾ?"

ಅವರು ಹೇಳಿದ್ದು ತಮಾಷೆಗಲ್ಲ; ಇಬ್ಬರಿಗೂ ಆಮಂತ್ರಣ ಕಳಿಸಿದರು. ನಮ್ಮ ಕಡೆ ಪಾಲಾದ ಕೆಲವು ಮನೆಗಳಲ್ಲಿ ಮೊದಲ ಮರ್ಯಾದೆ ಯಾರಿಗೆ ಎಂಬ ಜಗಳ ಎದ್ದರೆ, ಮದುವೆಯ ದಿನ ವೀಳ್ಯ ಕೊಡುವವರು ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಇಬ್ಬರಿಗೂ ಒಂದೇ ಸಲ ಚಾಚುತ್ತಾರೆ. ಯಾರೂ ಮೊದಲಲ್ಲ, ಯಾರೂ ಎರಡನೆಯವರಲ್ಲ. ಅಲ್ಲಿಗೆ ಊಟದ ಪಂಕ್ತಿ ಕೂರುತ್ತದೆ. ಉದ್ಘಾಟನೆಯ ದಿನ ಸಂಚಾಲಕರು ವೇದಿಕೆಯ ಮೇಲೆ ಅದನ್ನೇ ಮಾಡಿದರು. ಒಬ್ಬರ ಮುಖ ಒಬ್ಬರು ನೋಡದೆ ಕಾರ್ಯದರ್ಶಿಗಳಿಬ್ಬರೂ ತಟ್ಟೆ ತೆಗೆದುಕೊಂಡರು. ಸಭೆಯಲ್ಲಿದ್ದ ಯಾರೋ ಫೋಟೊ ತೆಗೆದರು. ಪಂದ್ಯ ಶುರುವಾಯಿತು.

ಗೆದ್ದವಳು ಮಾರನಹಳ್ಳಿ ಬಳಿಯ ಎಸ್ಟೇಟೊಂದರ ರೈಟರ್ ಮಗಳು. ಆಳುಗಳ ಹಾಜರಿ, ಕಾಫಿ ಹಣ್ಣಿನ ತೂಕ ನೋಡಿಕೊಳ್ಳುವ ಕೆಲಸ ಅವಳ ತಂದೆಯದು. ಮುಟ್ಟಿದ ಕಾಯಿಯನ್ನೇ ನಡೆಸಬೇಕಾದ್ದರಿಂದ, ಯೋಚಿಸುವಾಗ ದುಡುಕಿ ಮುಟ್ಟಿಬಿಡಬಾರದೆಂದು ಅವಳು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ವಯೋಮಿತಿಗೆ ಅದು ಕೊನೆಯ ವರ್ಷ. ಈ ಸಲ ರಾಜ್ಯಮಟ್ಟದಲ್ಲಿ ಆಡದಿದ್ದರೆ ಈ ವಿಭಾಗದಲ್ಲಿ ಮತ್ತೆಂದೂ ಆಡುವಂತಿರಲಿಲ್ಲ.

ಆ ವಾರವೇ ಫೋಟೊ ಎಲ್ಲರ ಮೊಬೈಲಿಗೂ ಹೋಯಿತು. ಎದುರು ಬಣಕ್ಕೆ ಮಾನ್ಯತೆ ಕೊಟ್ಟ ಪಂದ್ಯ ತಮಗೆ ಒಪ್ಪಿಗೆಯಿಲ್ಲ ಎಂದು ಎರಡೂ ಕಡೆಯವರು ಸಾರಿದರು. ರಾಜ್ಯಮಟ್ಟದ ಪಂದ್ಯಗಳೂ ಎರಡಾಗಿದ್ದವು: ಒಂದು ಘಟ್ಟದ ಕೆಳಗೆ, ಇನ್ನೊಂದು ಬಯಲುಸೀಮೆಯ ಕಡೆ, ಒಂದೇ ದಿನಗಳಲ್ಲಿ. ಒಂದರಲ್ಲಿ ಆಡಿದವರಿಗೆ ಇನ್ನೊಂದರವರು ನಿಷೇಧ ಹಾಕುತ್ತಿದ್ದರು. ನಮ್ಮ ಹುಡುಗಿಗೆ ಎರಡರಲ್ಲೂ ಜಾಗವಿರಲಿಲ್ಲ.

ಘಟ್ಟದ ಕೆಳಗಿನ ಬಣದ ಕಾರ್ಯದರ್ಶಿ ನನಗೆ ಫೋನ್ ಮಾಡಿದರು. "ಒಂದೇ ಮಾತು ಸಾಕು ಮೇಡಂ. ಇನ್ನೊಬ್ಬರು ಕರೆಯದೇ ಬಂದು ವೇದಿಕೆ ಹತ್ತಿದರು ಅಂತ ಒಂದು ವಿಡಿಯೊ ಮಾಡಿ ಕಳಿಸಿ. ಹುಡುಗಿಯನ್ನ ಸೇರಿಸಿಕೊಳ್ತೀವಿ."

ಮರುದಿನ ಇನ್ನೊಂದು ಬಣದವರು ಫೋನ್ ಮಾಡಿ ಅದೇ ಮಾತು ಹೇಳಿದರು. ಇಬ್ಬರ ದನಿಯೂ ಸೌಮ್ಯವಾಗಿತ್ತು.

ಆ ದಿನಗಳಲ್ಲಿ ಒಂದು ಕಡೆ ಕೂರಲು ನನ್ನಿಂದ ಆಗಲಿಲ್ಲ. ಕಪ್ಪುಹಲಗೆಯ ಮೇಲೆ ಅರ್ಧ ಸೂತ್ರ ಬರೆದು ನಿಂತುಬಿಡುತ್ತಿದ್ದೆ. ಇಳಿಯಬೇಕಾದ ನಿಲ್ದಾಣ ದಾಟಿದ್ದು ಬಸ್ಸು ಮುಂದೆ ಹೋದ ಮೇಲೆ ತಿಳಿಯುತ್ತಿತ್ತು. ಹೇಳಬೇಕಾದದ್ದು ನಾಲ್ಕು ಪದದ ಸುಳ್ಳು. ಹೇಳದಿದ್ದರೆ ನನಗೇನೂ ನಷ್ಟವಿಲ್ಲ, ನಷ್ಟ ಆ ಹುಡುಗಿಗೆ. ಈ ಲೆಕ್ಕವನ್ನು ಯಾವ ಕಡೆಯಿಂದ ಮಾಡಿದರೂ ನನ್ನ ಕೈ ಶುದ್ಧವಾಗಿ ಉಳಿಯುತ್ತಿರಲಿಲ್ಲ.

ಸಂಚಾಲಕರ ಮನೆಗೆ ಹೋದೆ. ಅವರಿಗೆ ಇನ್ನೂ ಸಿಟ್ಟಿತ್ತು. "ನಾನ್ ಮಾಡಿದ್ರಾಗೆ ತಪ್ಪೇನೈತೆ ಹೇಳಮ್ಮ? ಇಬ್ರಿಗೂ ಮರ್ಯಾದೆ ಕೊಟ್ಟೆ."

"ಅವರಿಗೆ ಬೇಕಾಗಿದ್ದು ಮರ್ಯಾದೆ ಅಲ್ಲ ಸಾರ್. ಇನ್ನೊಬ್ಬರಿಗೆ ಅದು ಸಿಗದಿರುವುದು."

"ಹಂಗಾರೆ ನಮ್ಮೂರ ಅಣ್ಣತಮ್ಮಂದ್ರೇ ವಾಸಿ. ತಟ್ಟೆ ಈಸ್ಕಂಡು ಉಂಡಾದ್ರೂ ಹೋಯ್ತಾರೆ."

ಒಳಗಿನಿಂದ ಅವರ ಹೆಂಡತಿ ಹೇಳಿದರು: "ಕುದ್ರೆ ಹೆಂಗೆ ನಡೀತದೆ ಅಂತ ಗೊತ್ತಿಲ್ಲ, ಇವ್ರು ರಾಜರ ಜಗಳ ಬಿಡ್ಸಕ್ಕೆ ಹೋಗ್ಬುಟ್ರು!"

ನಗು ಬಂದರೂ ಮನಸ್ಸು ಹಗುರಾಗಲಿಲ್ಲ. ಅಲ್ಲಿಂದಲೇ ಎರಡೂ ಕಡೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ನಾಳೆ ನ್ಯಾಯಾಲಯ ಇನ್ನೊಂದು ಬಣವೇ ಸರಿ ಎಂದರೆ, ಈ ಹುಡುಗಿ ಕಳೆದುಕೊಂಡ ವರ್ಷಕ್ಕೆ ಹೊಣೆ ಯಾರು? ಒಬ್ಬರು, ತಾವು ಸೋಲುವ ಮಾತೇ ಇಲ್ಲ ಎಂದು ನಕ್ಕರು. ಘಟ್ಟದ ಕೆಳಗಿನವರು ಸಮಿತಿ ನೋಡಿಕೊಳ್ಳುತ್ತದೆ ಎಂದರು.

"ಸಮಿತಿಯಲ್ಲಿ ಯಾರು?"

"ಮೇಡಂ, ನೀವು ತೀರ್ಪುಗಾರರು, ವಕೀಲರಲ್ಲ."

ಮಾರನಹಳ್ಳಿಗೆ ಹೋಗಿ ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಹೆದ್ದಾರಿಯಲ್ಲಿ ಏರು ಹತ್ತುವ ಲಾರಿಗಳ ಸದ್ದಿಗೆ ಅರ್ಧ ಮಾತು ಎರಡೆರಡು ಸಲ ಹೇಳಬೇಕಾಯಿತು. "ನೀವ್ ಹೆಂಗಂತೀರೋ ಹಂಗೆ ಮೇಡಂ," ಎಂದರು ತಂದೆ. ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಅಕ್ಕ, ಎರಡ್ರಾಗೆ ಎಲ್ಲಿ ಚೆನ್ನಾಗಿ ಆಡೋರು ಬತ್ತಾರೆ?"

ಇಷ್ಟು ದಿನದಲ್ಲಿ ಆಟದ ಬಗ್ಗೆ ನನ್ನ ಕಿವಿಗೆ ಬಿದ್ದ ಮೊದಲ ಪ್ರಶ್ನೆ ಅದು. "ಘಟ್ಟದ ಕೆಳಗೆ," ಎಂದೆ.

"ಹಂಗಾರೆ ಅಲ್ಲಿಗೇ ಹೋಗಣ."

"ಏ, ಆಡ್ಸಲ್ಲ ಅಂದ್ರೆ ಏನ್ ಮಾಡ್ತೀಯೆ?" ಎಂದರು ತಂದೆ.

"ನನ್ ಮಖ ನೋಡ್ಕಂಡು ಹೇಳ್ಲಿ ಬುಡಪ್ಪ."

ನಾನೂ ಬರುತ್ತೇನೆ ಎಂದೆ. ಯೋಚಿಸಿ ಹೇಳಿದ ಮಾತಲ್ಲ. ಹೊರಗೆ ಬಂದು ಘಟ್ಟದ ಕೆಳಗಿನ ಕಾರ್ಯದರ್ಶಿಗೆ ಫೋನ್ ಮಾಡಿ, ವಿಡಿಯೊ ಬರುವುದಿಲ್ಲ, ನಾನೇ ಬರುತ್ತಿದ್ದೇನೆ ಎಂದು ತಿಳಿಸಿದೆ.

ಪಂದ್ಯದ ಹಿಂದಿನ ದಿನ ಸಕಲೇಶಪುರದಲ್ಲಿ ಮೂವರೂ ರೈಲು ಹತ್ತಿದೆವು. ಎಡಕುಮೇರಿಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಸುತ್ತ ಕಾಡು, ಮೊಬೈಲಿಗೆ ಸಿಗ್ನಲ್ ಇಲ್ಲ. ಯಾರೂ ನನ್ನನ್ನು ಕರೆಯಲಾರರು ಎಂಬುದು ಸಮಾಧಾನವಾಗಬೇಕಿತ್ತು. ನಾನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುತ್ತಲೇ ಇದ್ದೆ.

"ಕೂತ್ಕಳಿ ಅಕ್ಕ," ಎಂದಳು ಹುಡುಗಿ. "ಇಲ್ಯಾರೂ ಕದ್ದು ಆಡ್ತಿಲ್ಲ."

ಮರುದಿನ ನೋಂದಣಿಯ ಮೇಜಿನ ಹಿಂದೆ ಆ ಕಾರ್ಯದರ್ಶಿಯೇ ಕುಳಿತಿದ್ದರು. ನಮ್ಮ ಹಿಂದೆ ಬೇರೆ ಜಿಲ್ಲೆಗಳ ಮಕ್ಕಳು, ಅವರ ತಂದೆ ತಾಯಂದಿರು ಸಾಲಾಗಿ ನಿಂತಿದ್ದರು. ತರಗತಿಯ ಹೊರಗೆ ಅಷ್ಟು ಜನರ ಮುಂದೆ ನಾನು ದನಿಯೆತ್ತಿ ಮಾತಾಡಿದ್ದು ಅದೇ ಮೊದಲು.

"ಹಾನುಬಾಳಿಗೆ ನಿಮ್ಮಿಬ್ಬರನ್ನೂ ಕರೆದಿದ್ದೆವು. ನಾನು ಅಲ್ಲೇ ಇದ್ದೆ. ಇವಳು ಗೆದ್ದಿದ್ದಾಳೆ. ಆಡಿಸುವುದಿಲ್ಲ ಎಂದಾದರೆ ಇವಳಿಗೇ ಹೇಳಿ. ಸಮಿತಿ ಅನ್ನಬೇಡಿ, ನಾನು ಬೇಡ ಅಂದೆ ಎಂದು ಹೇಳಿ."

ಅವರು ಹುಡುಗಿಯ ಕಡೆ ನೋಡಲಿಲ್ಲ. ಸಾಲಿನಲ್ಲಿದ್ದ ತಾಯಿಯೊಬ್ಬರು ಕೇಳಿದರು: "ನಾಳೆ ನಮ್ಮ ಮಕ್ಕಳಿಗೂ ಹೀಗೆಯೇ ಮಾಡ್ತೀರಾ ಸಾರ್?" ಹಿಂದೆ ಇನ್ನಷ್ಟು ಜನ ಹತ್ತಿರಕ್ಕೆ ಸರಿದರು. ಕಾರ್ಯದರ್ಶಿ ಪೆನ್ನು ಮುಚ್ಚಿದರು, ತೆರೆದರು.

"ಹುಡುಗಿ ಆಡಲಿ," ಎಂದರು ಕೊನೆಗೆ. "ಆದರೆ ಇನ್ನು ಮೇಲೆ ನಮ್ಮ ಯಾವ ಪಂದ್ಯಕ್ಕೂ ನೀವು ತೀರ್ಪುಗಾರರಲ್ಲ. ಈಗ ಹಾಲ್ ಒಳಗೂ ಬರುವಂತಿಲ್ಲ."

ಆ ಮಾತನ್ನು ಅವರು ಸಮಿತಿಯ ಹೆಸರಿನಲ್ಲಿ ಹೇಳಲಿಲ್ಲ.

ಬಾಗಿಲು ಮುಚ್ಚಿತು. ಪಂದ್ಯವೊಂದರ ಹೊರಗೆ ನಿಲ್ಲುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕಿಟಕಿಗಳಿಗೆ ಪರದೆ ಎಳೆದಿದ್ದರು. "ಏನಾಗ್ತಾ ಇರಬೌದು ಮೇಡಂ?" ಎಂದು ಅವಳ ತಂದೆ ಮತ್ತೆ ಮತ್ತೆ ಕೇಳಿದರು. ಗೊತ್ತಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಅಷ್ಟರಲ್ಲಿ ಬಯಲುಸೀಮೆಯ ಬಣದಿಂದ ಸಂದೇಶ ಬಂತು: ಅವಳಿಗೆ ಅವರ ನಿಷೇಧ. ಮೊಬೈಲನ್ನು ಚೀಲದೊಳಕ್ಕೆ ಹಾಕಿ ಅಂಗಳದ ಇನ್ನೊಂದು ತುದಿಗೆ ನಡೆದೆ.

ಬಹಳ ಹೊತ್ತಿನ ಮೇಲೆ ಅವಳು ಕೆಂಪೇರಿದ ಮುಖ ಹೊತ್ತು ಹೊರಗೆ ಬಂದಳು. "ಸೋತೆ," ಎಂದಳು ತಂದೆಗೆ. ಆಮೇಲೆ ನನ್ನ ಕಡೆ ತಿರುಗಿದಳು. "ಎಂಥಾ ಆಟ ಆಡ್ತಾಳೆ ಅಕ್ಕ ಅವ್ಳು! ಹಂಗೆ ಯಾರೂ ನನ್ನ ಸೋಲ್ಸಿರ್ಲಿಲ್ಲ." ತಂದೆ ಕೊಟ್ಟ ನೀರನ್ನು ನಿಂತೇ ಕುಡಿದು, ಸೋತವರೂ ಆಡುವ ಎರಡನೇ ಸುತ್ತಿಗೆ ಕರೆಯುವ ಮೊದಲೇ ಹೋಗಿ ಬಾಗಿಲ ಹತ್ತಿರ ನಿಂತಳು.